ಏನೂ ಸೇರಿಸದವರ ಪ್ರಾಮಾಣಿಕತೆ

ಹಾಡು ಕೇಳುವ ಯಂತ್ರದಲ್ಲಿ ನೀತಿಯ ಪ್ರಶ್ನೆ ಏನಿದ್ದೀತು ಎಂದು ನೀವು ಕೇಳಬಹುದು. ಮನೆಯ ಸ್ಟೀರಿಯೋಕ್ಕೆ ಪ್ಯಾಸಿವ್ ಪ್ರಿಆಂಪ್ ಒಳ್ಳೆಯದೋ ಆಕ್ಟಿವ್ ಪ್ರಿಆಂಪ್ ಒಳ್ಳೆಯದೋ ಎಂಬುದು ಮೇಲ್ನೋಟಕ್ಕೆ ಅಂಗಡಿಯ ಪ್ರಶ್ನೆ, ರೊಕ್ಕದ ಪ್ರಶ್ನೆ. ಆದರೆ ಈ ಬಗ್ಗೆ ವಾದ ಮಾಡುವವರ ಬಾಯಲ್ಲಿ ಬರುವ ಶಬ್ದಗಳನ್ನು ಗಮನಿಸಿ: ಶುದ್ಧ, ಪಾರದರ್ಶಕ, ಪ್ರಾಮಾಣಿಕ, ಕಲಬೆರಕೆ. ಇವು ತಂತಿಗೂ ಬೆಸುಗೆಗೂ ಸೇರಿದ ಶಬ್ದಗಳಲ್ಲ. ರಾಜೂರಿನ ನಮ್ಮ ಮನೆಯ ಮಾಳಿಗೆ ಮೇಲಿನ ಕೋಲಿಯಲ್ಲಿ ಸಣ್ಣದೊಂದು ಸೆಟ್ ಜೋಡಿಸಲು ಹೊರಟ ನಾನು, ತಿಂಗಳುಗಟ್ಟಲೆ ಈ ಶಬ್ದಗಳ ನಡುವೆ ಓಡಾಡಿದೆ.

ಯಂತ್ರದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹಾಡು ಹೊರಡುವುದು ಸಿಡಿ ಪ್ಲೇಯರಿನಿಂದಲೋ ಕ್ಯಾಸೆಟ್ ಡೆಕ್ಕಿನಿಂದಲೋ. ಸ್ಪೀಕರನ್ನು ನಡುಗಿಸುವುದು ಪವರ್ ಆಂಪ್. ಇವೆರಡರ ನಡುವೆ ನಿಂತು ದನಿಯನ್ನು ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಪ್ರಿಆಂಪ್. ಪ್ಯಾಸಿವ್ ಎಂದರೆ ಅದರೊಳಗೆ ಒಂದು ವಾಲ್ಯೂಮ್ ಗುಂಡಿ, ಅಂದರೆ ಒಂದು ರೋಧಕ, ಅಷ್ಟೇ. ಅದಕ್ಕೆ ಕರೆಂಟು ಬೇಡ. ಬಂದದ್ದನ್ನು ಕಡಿಮೆ ಮಾಡಬಲ್ಲದು, ಹೆಚ್ಚಿಸಲಾರದು. ಆಕ್ಟಿವ್ ಆದರೆ ಒಳಗೆ ವಾಲ್ವೋ ಟ್ರಾನ್ಸಿಸ್ಟರೋ ಐಸಿಯೋ ಇರುತ್ತದೆ. ಅದು ಗೋಡೆಯ ಪ್ಲಗ್ಗಿನಿಂದ ತನ್ನದೇ ಕರೆಂಟು ತಂದುಕೊಂಡು, ಬಂದ ಸಂಕೇತಕ್ಕೆ ಬಲ ಕೊಟ್ಟು ಮುಂದೆ ಕಳಿಸುತ್ತದೆ.

ರೆಕಾರ್ಡುಗಳ ಕಾಲದಲ್ಲಿ ಈ ಪ್ರಶ್ನೆ ಏಳುವಂತಿರಲಿಲ್ಲ. ಪ್ಲೇಟಿನ ಗೀರಿನಿಂದ ಕಾರ್ಟ್ರಿಜ್ ಎತ್ತುವ ಸಂಕೇತ ಕೆಲವೇ ಮಿಲಿವೋಲ್ಟು. ಅದನ್ನು ಎತ್ತಿ ನಿಲ್ಲಿಸುವವರು ಬೇಕೇ ಬೇಕಿತ್ತು. 1982ರಲ್ಲಿ ಸಿಡಿ ಬಂತು. ಅದು ಸುಮಾರು 2 ವೋಲ್ಟು ಕೊಡುತ್ತದೆ, ಬಹುತೇಕ ಪವರ್ ಆಂಪುಗಳಿಗೆ ತುಂಬು ದನಿಗೆ 1 ವೋಲ್ಟಿನ ಆಸುಪಾಸು ಸಾಕು. ಹಾಗಿದ್ದಮೇಲೆ ನಡುವಿನವನು ಯಾಕೆ? ಈ ವಾದ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಉಳ್ಳಾಗಡ್ಡಿ ಬೆಳೆದವನಿಗೂ ತಿನ್ನುವವನಿಗೂ ನಡುವೆ ದಲ್ಲಾಳಿ ಇಲ್ಲದಿದ್ದರೆ ಎಷ್ಟು ಚೆಂದ ಎಂದು ಯೋಚಿಸದ ಒಕ್ಕಲಿಗ ನಮ್ಮ ಸೀಮೆಯಲ್ಲಿಲ್ಲ. ಪ್ಯಾಸಿವ್ ಪ್ರಿಆಂಪ್ ಎಂದರೆ ದಲ್ಲಾಳಿ ಇಲ್ಲದ ಸಂತೆ. ಏನನ್ನೂ ಸೇರಿಸುವುದಿಲ್ಲ, ಆದ್ದರಿಂದ ಕೆಡಿಸುವುದೂ ಇಲ್ಲ. ನನ್ನ ಮನಸ್ಸೂ ಮೊದಲು ವಾಲಿದ್ದು ಅದರ ಕಡೆಗೇ. ಅಗ್ಗ ಎಂಬ ಕಾರಣವೂ ಇತ್ತೆನ್ನಿ.

ತೊಡಕು ಇರುವುದು ‘ಆದ್ದರಿಂದ’ ಎಂಬ ಶಬ್ದದಲ್ಲಿ.

ನನ್ನ ಕೋಲಿಯಲ್ಲಿ ಪ್ಲೇಯರ್ ಇರುವುದು ಒಂದು ಗೋಡೆಯ ಗೂಡಿನಲ್ಲಿ, ಪವರ್ ಆಂಪ್ ಎದುರು ಗೋಡೆಯ ಸ್ಪೀಕರುಗಳ ಪಕ್ಕದಲ್ಲಿ. ನಡುವೆ 5 ಮೀಟರ್ ಕೇಬಲ್. ಕೇಬಲ್ ಎಂಬುದು ಬರೀ ದಾರಿಯಲ್ಲ, ಅದೂ ಸ್ವಲ್ಪ ಕರೆಂಟು ಕುಡಿಯುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್ ಲೆಕ್ಕ ಹಿಡಿದರೆ ಕೇಬಲಿನದು 500, ಆಂಪಿನ ಬಾಗಿಲಲ್ಲಿ ಇನ್ನೊಂದು 200. ಈಗ 100 ಕಿಲೋ ಓಮ್ ಗುಂಡಿ ಹಾಕಿ, ವೋಲ್ಟೇಜು ಅರ್ಧಕ್ಕೆ ಇಳಿಯುವಷ್ಟು ತಿರುಗಿಸಿದರೆ, ಅದರಿಂದ ಹೊರಬರುವ ಸಂಕೇತದ ಹಿಂದೆ 25 ಕಿಲೋ ಓಮಿನ ತಡೆ ನಿಂತಿರುತ್ತದೆ. ಲೆಕ್ಕ ಹಾಕಿ ನೋಡಿ: ಸುಮಾರು 9,000 ಹರ್ಟ್ಸ್ ತಲುಪುವಷ್ಟರಲ್ಲಿ ಸಂಕೇತದ ಶಕ್ತಿ ಅರ್ಧವಾಗಿರುತ್ತದೆ. ತಂಬೂರಿಯ ಎಳೆಯ ಕೆಳಗೆ ನೂಲು ಸರಿಸಿ ಹುಟ್ಟಿಸುವ ಆ ಜವಾರಿ ಝೇಂಕಾರವಿದೆಯಲ್ಲ, ಅದರ ಮೇಲಿನ ತುದಿ ಹೀಗೆ ದಾರಿಯಲ್ಲೇ ಸೋರಿಹೋಗುತ್ತದೆ. (ಜೋಳಕ್ಕೂ ಕೋಳಿಗೂ ನಾವು ಹೇಳುವ ಜವಾರಿ ಬೇರೆ, ಇದು ಬೇರೆ. ಎರಡೂ ಬೇಗ ಕಳೆದುಹೋಗುವ ವಸ್ತುಗಳೇ.)

ಇದನ್ನು ತಪ್ಪಿಸಬೇಕೆಂದರೆ 10 ಕಿಲೋ ಓಮಿನ ಸಣ್ಣ ಗುಂಡಿ ಹಾಕಬಹುದು. ಆಗ ಕೇಬಲಿನ ತೊಂದರೆ ತಪ್ಪುತ್ತದೆ, ಆದರೆ ಆ ಭಾರ ಹಿಂದಕ್ಕೆ ಹೋಗಿ ಹಾಡು ಹೊರಡಿಸುವ ಯಂತ್ರದ ಹೆಗಲೇರುತ್ತದೆ. ಗಟ್ಟಿಮುಟ್ಟಾದ ಹೊಸ ಸಿಡಿ ಪ್ಲೇಯರ್ ಆ ಭಾರವನ್ನು ಗಮನಿಸುವುದೂ ಇಲ್ಲ. ಹಳೆಯ ವಾಲ್ವ್ ಸಾಧನಕ್ಕೋ ಬಡಕಲು ಕ್ಯಾಸೆಟ್ ಡೆಕ್ಕಿಗೋ ಕೊಟ್ಟರೆ ದನಿ ಕುಗ್ಗುತ್ತದೆ, ಮಂದ್ರ ಸಡಿಲಾಗುತ್ತದೆ. ಇದು ತಪ್ಪೆಂದು ಕಿವಿಗೆ ತಕ್ಷಣ ಹೊಳೆಯುವುದೂ ಇಲ್ಲ. ಗೊರಗೊರ ಎಂದರೆ ಯಂತ್ರ ಕೆಟ್ಟಿದೆ ಎನ್ನುತ್ತೇವೆ. ಕಳೆದುಹೋದದ್ದಕ್ಕೆ ಸದ್ದಿಲ್ಲ. ‘ಎಷ್ಟು ಸೌಮ್ಯವಾಗಿದೆ’ ಎಂದು ಮೆಚ್ಚಿಕೊಳ್ಳುವವರೂ ಇದ್ದಾರೆ.

ಏನೂ ಸೇರಿಸದ ಮಧ್ಯಸ್ಥನಿಗೂ ಒಂದು ಖರ್ಚಿದೆ. ಅದನ್ನು ಅವನು ಕೊಡುವುದಿಲ್ಲ, ಹಾಡುವವರ ಕೈಯಿಂದ ಕೊಡಿಸುತ್ತಾನೆ.

ಇದರ ತೀರಾ ಕಟುವಾದ ಉದಾಹರಣೆ ಕೀಲಿ ಕೊಡುವ ಹಳೆಯ ಗ್ರಾಮೊಫೋನು. ಅದರಲ್ಲಿ ಕರೆಂಟೇ ಇಲ್ಲ. ಸ್ಪ್ರಿಂಗು ಪ್ಲೇಟನ್ನು ತಿರುಗಿಸುತ್ತದೆ. ಕೋಣೆ ತುಂಬುವ ದನಿಗೆ ಬೇಕಾದ ಬಲವೆಲ್ಲ ಗೀರಿನ ಗೋಡೆ ಪಿನ್ನನ್ನು ತಳ್ಳುವುದರಿಂದಲೇ ಬರಬೇಕು. ಅದಕ್ಕಾಗಿ ನೂರು ಗ್ರಾಮಿಗೂ ಮೀರಿದ ಭಾರ ಆ ಗೀರಿನ ಮೇಲೆ ಕೂರುತ್ತಿತ್ತು. ಉಕ್ಕಿನ ಪಿನ್ನನ್ನು ಪ್ರತಿ ಬದಿಗೂ ಬದಲಿಸಬೇಕಿತ್ತು, ಆದರೂ ಪ್ಲೇಟು ಪ್ರತಿ ಸಲವೂ ಸವೆಯುತ್ತಿತ್ತು. ನಡುವೆ ಯಾರೂ ಇಲ್ಲದ, ಹಾಡಿಗೂ ಕಿವಿಗೂ ನೇರ ಸಂಬಂಧದ ಆ ಯಂತ್ರ, ತಾನು ಕೇಳಿಸುವ ಹಾಡನ್ನೇ ತಿಂದು ಬದುಕುತ್ತಿತ್ತು. ಆಂಪ್ಲಿಫೈಯರ್ ಬಂದು, ಬಲವನ್ನು ಬೇರೆ ಕಡೆಯಿಂದ ತರುವುದು ಸಾಧ್ಯವಾದಮೇಲೆ ಹಗುರ ಪಿಕಪ್ಪಿಗೆ ದಾರಿಯಾಯಿತು. ಇವತ್ತಿನ ಸೂಜಿ ಗೀರಿನ ಮೇಲೆ ಒಂದೂವರೆ, ಎರಡು ಗ್ರಾಮಿನಷ್ಟೇ ಊರುತ್ತದೆ. ನಡುವಿನವನು ತನ್ನ ಗಂಟಿನಿಂದ ಖರ್ಚು ಮಾಡಿದ್ದರಿಂದ ಹಾಡಿನ ಆಯುಷ್ಯ ಬೆಳೆಯಿತು.

ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಹಾಡು ಕೇಳಿದ್ದು ರೆಕಾರ್ಡಿನಲ್ಲಿ, ಒಂದು ಬದಿಗೆ ಮೂರು ನಿಮಿಷದ ಲೆಕ್ಕದಲ್ಲಿ. ಅದು ಹುಡುಗನನ್ನು ಮನೆ ಬಿಟ್ಟು ಓಡಿಸುವಷ್ಟು ಕೆಲಸ ಮಾಡಿತು, ಗಾಯಕನನ್ನಾಗಿ ಮಾಡಲಿಲ್ಲ. ಖಾನರ ಶಿಷ್ಯರಾದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅದಕ್ಕೆ ಬೇಕಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ಒಬ್ಬರೇ ಗುರು, ಒಂದೇ ಘರಾಣೆ. ಆದರೂ ಭೀಮಸೇನರ ದನಿ ಗಂಗೂಬಾಯಿಯವರ ದನಿಯಲ್ಲ, ಇಬ್ಬರದೂ ಗುರುವಿನ ದನಿಯಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ವಿದ್ಯುತ್ತು ಹಾಕಿದರು. ಅವರು ಬಂದದ್ದನ್ನು ಬಂದ ಹಾಗೇ ದಾಟಿಸಿದ್ದರೆ ಕಿರಾಣಾ ಘರಾಣೆ ನಮ್ಮ ತನಕ ಬರುತ್ತಿತ್ತೇ ಎಂಬುದು ನನ್ನ ಅನುಮಾನ.

ಹಾಗಾದರೆ ಆಕ್ಟಿವ್ ಪಕ್ಷಕ್ಕೇ ಜಯವೆನ್ನೋಣವೇ? ಅಲ್ಲೂ ಬೇರೆ ಪಾಪಗಳಿವೆ. ಸಿಡಿಯೇ 2 ವೋಲ್ಟು ಕೊಡುವಾಗ ಅದನ್ನು ಹತ್ತು ಪಟ್ಟು ಹಿಗ್ಗಿಸುವ ಪ್ರಿಆಂಪ್ ಯಾರಿಗೆ ಬೇಕು? ಗುಂಡಿಯನ್ನು ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಕಿವಿ ತೂತಾಗುತ್ತದೆ, ಜೊತೆಗೆ ಆ ಪೆಟ್ಟಿಗೆಯದೇ ಸುಯ್ಯೆನ್ನುವ ಸದ್ದು. ಜಾತ್ರೆಯಲ್ಲಿ ಭಜನೆಯವರ ಮುಂದೆ ಮೈಕಿಟ್ಟು, ನಾಲ್ಕು ಊರಿಗೆ ಕೇಳುವಂತೆ ಏರಿಸಿ, ಯಾವ ಪದವೂ ಯಾರಿಗೂ ತಿಳಿಯದಂತೆ ಮಾಡುವ ಉತ್ಸಾಹಿಗಳನ್ನು ನೀವೂ ನೋಡಿರುತ್ತೀರಿ. ಬಲ ಕೊಡುವವನಿಗೆ ತನ್ನ ಬಲದ ಮೇಲೇ ಪ್ರೀತಿ ಹುಟ್ಟುವುದು ಸುಲಭ.

ಈ ಪ್ರಶ್ನೆ ನನ್ನನ್ನು ಬಿಡದೆ ಹಿಡಿದದ್ದಕ್ಕೆ ಕಾರಣ ಸ್ಟೀರಿಯೋ ಮಾತ್ರವಲ್ಲ. ಊರಲ್ಲಿ ಅರ್ಜಿ ಬರೆಸಿಕೊಳ್ಳಲು ಕೆಲವರು ನನ್ನ ಹತ್ತಿರ ಬರುತ್ತಾರೆ. ಅಕ್ಷರ ಬಾರದವರು, ಬಂದರೂ ಕಚೇರಿಯ ಕನ್ನಡ ಬಾರದವರು. ಒಬ್ಬ ಹಿರಿಯ ಹೆಂಗಸಿನ ವಿಧವಾ ಪಿಂಚಣಿ ನಿಂತಿತ್ತು. ಕಾರ್ಡಿನಲ್ಲಿರುವ ಹೆಸರಿಗೂ ಪಾಸ್‌ಬುಕ್ಕಿನಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸ. ಆಕೆ ಹೇಳತೊಡಗಿದ್ದು ಗಂಡ ಸತ್ತ ವರ್ಷದ ಬರದಿಂದ. ಮಾರಿದ ಎತ್ತು, ಮಗಳ ಮದುವೆ, ಸೊಸೆಯ ಮಾತು, ಎಲ್ಲ ದಾಟಿ ಪಾಸ್‌ಬುಕ್ಕಿಗೆ ಬರಲು ಮುಕ್ಕಾಲು ತಾಸು ಹಿಡಿಯಿತು. ಅದನ್ನು ಹೇಳಿದ ಹಾಗೇ ಬರೆದರೆ ನಾನು ಪ್ರಾಮಾಣಿಕ, ನಿಜ. ಆದರೆ ಆ ಕಾಗದ ಯಾವ ಮೇಜಿನ ಮೇಲೂ ಎರಡನೇ ಸಾಲಿನಾಚೆ ಓದಿಸಿಕೊಳ್ಳುವುದಿಲ್ಲ. ನನ್ನ ಶುದ್ಧತೆಯ ಬೆಲೆಯನ್ನು ಆಕೆ ಇನ್ನೊಂದು ಬಸ್ ಚಾರ್ಜಿನಲ್ಲಿ, ಇನ್ನೊಂದು ದಿನದ ಕೂಲಿಯಲ್ಲಿ ಕಟ್ಟಬೇಕು. ಎದುರು ಪಕ್ಷದವರು ವಕೀಲರನ್ನು ಇಟ್ಟುಕೊಳ್ಳಬಲ್ಲವರಾದರೆ ಅವರಿಗೆ ಪ್ಯಾಸಿವ್ ಸಾಕು. ಅವರ 2 ವೋಲ್ಟು ಎಷ್ಟು ಉದ್ದದ ಕೇಬಲನ್ನಾದರೂ ದಾಟುತ್ತದೆ. ಬಲವಿದ್ದವನಿಗೂ ಇಲ್ಲದವನಿಗೂ ನಡುವೆ ನಿಂತು ‘ನಾನು ಯಾರ ಕಡೆಯೂ ಅಲ್ಲ’ ಎನ್ನುವವನನ್ನು ನಾವು ನ್ಯಾಯವಂತ ಎಂದು ಕರೆದು ರೂಢಿ. ಆ ಕೇಬಲ್ಲಿನ ಉದ್ದವನ್ನು ಒಮ್ಮೆ ಅಳೆದು ಕರೆದರೆ ಒಳ್ಳೆಯದಿತ್ತು.

ಇನ್ನೊಂದು ಕಡೆ, ‘ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ನಾನೇ ಹಿಗ್ಗಿಸಿ, ಆಕೆ ಸುರಿಸದ ಕಣ್ಣೀರನ್ನೂ ಸುರಿಸಿಬಿಟ್ಟರೆ ಅದು ನನ್ನ ಅರ್ಜಿಯಾಗುತ್ತದೆ, ಆಕೆಯದಲ್ಲ.

ಎಲೆಕ್ಟ್ರಾನಿಕ್ಸಿನವರು ಈ ಇಕ್ಕಟ್ಟಿಗೆ ಬಫರ್ ಎಂಬ ದಾರಿ ಕಂಡುಕೊಂಡಿದ್ದಾರೆ. ಅದು ಆಕ್ಟಿವ್, ಅದಕ್ಕೆ ಸ್ವಂತ ಕರೆಂಟು ಬೇಕು. ಆದರೆ ಅದರ ಗೇನ್ ಒಂದು. ಒಂದು ವೋಲ್ಟು ಬಂದರೆ ಒಂದೇ ವೋಲ್ಟು ಹೋಗುತ್ತದೆ. ಮಾತಿನ ಎತ್ತರ ಬದಲಾಗುವುದಿಲ್ಲ, ಅದರ ಹಿಂದೆ ನಿಂತ ಬಲ ಮಾತ್ರ ಬದಲಾಗುತ್ತದೆ. ಸಂಕೇತ ಕೊಡುವವರಿಂದ ಅದು ಬೇಡುವುದು ಇಲ್ಲವೆನ್ನುವಷ್ಟು ಕಡಿಮೆ, ಮುಂದಿನವರಿಗೆ ಬೇಕಾದಷ್ಟನ್ನು ತನ್ನ ಕೈಯಿಂದ ಕೊಡುತ್ತದೆ. ಗೀಗೀ ಪದದ ಹಿಮ್ಮೇಳದವರನ್ನು ನೆನಪಿಸಿಕೊಳ್ಳಿ. ಅವರು ಹೊಸ ಕಥೆ ಹೇಳುವುದಿಲ್ಲ. ಮುಂದಿನವನು ಬಿಟ್ಟ ಸೊಲ್ಲನ್ನು ಹಿಡಿದು, ತಮ್ಮ ಉಸಿರಿನಲ್ಲಿ ಅದನ್ನು ನಿಲ್ಲಿಸಿಕೊಂಡು, ಅವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕೊಡುತ್ತಾರೆ. ಹಿಮ್ಮೇಳವಿಲ್ಲದೆ ರಾತ್ರಿಯಿಡೀ ಹಾಡಿಸಿದರೆ ಗಂಟಲು ಹರಿಯುವುದು ಅವನದು.

ನಾನು ಹಾಕಿಸಿದ್ದು ಬಫರನ್ನೇ. ಎರಡು ಸಣ್ಣ ಐಸಿ, ಒಂದು ಟ್ರಾನ್ಸ್‌ಫಾರ್ಮರ್, ಒಂದು ಗುಂಡಿ. ಬೆಸುಗೆ ಹಾಕಿಕೊಟ್ಟ ಗಜೇಂದ್ರಗಡದ ಮೆಕ್ಯಾನಿಕ್ಕಿಗೆ ಈ ವ್ಯವಹಾರ ಹಿಡಿಸಲಿಲ್ಲ. “ಅಲ್ರೀ ಸರ್, ಸೌಂಡ್ ಜಾಸ್ತಿನೂ ಮಾಡಂಗಿಲ್ಲ, ಮ್ಯಾಲೆ ಕರೆಂಟ್ ಬ್ಯಾರೆ ತಿಂತೈತಿ. ಏನ್ ಮಾಡ್ತೀರಿ ಇದನ್ನ ತಗೊಂಡು?” ಎಂದ. ಗುಡ್ಡದ ಮೇಲಿನ ಗಾಳಿಯಂತ್ರಗಳು ದಿನವಿಡೀ ತಿರುಗಿದರೂ ನಮ್ಮಲ್ಲಿ ಕರೆಂಟು ಹೋಗುವುದು ನಿಂತಿಲ್ಲವಾದ್ದರಿಂದ ಅವನ ಮಾತಿನಲ್ಲಿ ಸತ್ಯವಿತ್ತು. ಗುಂಡಿಯನ್ನು ಮಾತ್ರ ಬಫರಿನ ಮುಂಚೆ ಇಡಲು ಹೇಳಿದೆ. ಎಷ್ಟು ದನಿ ಎಂಬುದು ಮೊದಲು ತೀರ್ಮಾನವಾಗಬೇಕು, ಹೊರುವ ಕೆಲಸ ಆಮೇಲಿನದು.

ಪಿಂಚಣಿಯ ಅರ್ಜಿಯನ್ನು ಅರ್ಧ ಪುಟಕ್ಕೆ ಇಳಿಸಿ, ತಾರೀಖು ಹಾಕಿ, ಎರಡೂ ಹೆಸರುಗಳನ್ನು ಅಕ್ಕಪಕ್ಕ ಬರೆದು ಆಕೆಗೆ ಓದಿ ಹೇಳಿದೆ. ಕಚೇರಿಗೆ ಐದು ಸಲ ಅಲೆದಿದ್ದೇನೆಂದು ಆಕೆಯೇ ಹೇಳಿದ್ದು ಅದರಲ್ಲಿತ್ತು. ಆ ಸಾಲಿಗೆ ಬಂದಾಗ ಕೈ ಎತ್ತಿ ತಡೆದಳು. “ತಮ್ಮಾ, ಐದು ಅನಬ್ಯಾಡ, ಮೂರು ಅಂತ ಬರಿ. ಎರಡ ಸಲ ನಾ ಮಗಳ ಊರಿಗೆ ಹೊಂಟಾಕಿ ಹಂಗ ಹಾದು ಬಂದಿದ್ದೆ.”

ಮೂರು ಎಂದು ಬರೆದೆ.