ಆಣೆ ಮುರಿದ ಮೇಲೆ

ಕುಡಿತ ಬಿಡಿಸಲು ನಮ್ಮ ಮನೆಗಳಲ್ಲಿ ಮೊದಲು ಹಿಡಿಯುವ ದಾರಿ ಆಣೆ. ಮಗುವಿನ ತಲೆಯ ಮೇಲೆ ಕೈಯಿಡಿಸಿ, ಮನೆದೇವರ ಮುಂದೆ ಕರ್ಪೂರ ಮುಟ್ಟಿಸಿ, ಇನ್ನು ಮುಟ್ಟುವುದಿಲ್ಲ ಎಂದು ಹೇಳಿಸುತ್ತಾರೆ. ಹೇಳುವವನು ಸುಳ್ಳಾಡುತ್ತಿರುತ್ತಾನೆ ಎಂದೇನೂ ಅಲ್ಲ. ಆ ಗಳಿಗೆಗೆ ಅದು ನಿಜವೇ. ಆದರೆ ಆಣೆ ಮುರಿದ ದಿನ ಅವನು ಬರೀ ಕುಡುಕನಾಗಿ ಉಳಿಯುವುದಿಲ್ಲ, ದೇವರಿಗೂ ಮಗುವಿಗೂ ದ್ರೋಹ ಬಗೆದವನಾಗುತ್ತಾನೆ. ಆ ನಾಚಿಕೆಯನ್ನು ಮರೆಯಲು ಅವನಿಗೆ ಗೊತ್ತಿರುವ ದಾರಿ ಮತ್ತೆ ಬಾಟಲಿಯೇ. ಬೇಡವೆಂದುಕೊಂಡದ್ದನ್ನೇ ಮನುಷ್ಯ ಯಾಕೆ ಮಾಡುತ್ತಾನೆ ಎಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ. ಆಣೆ ಹಾಕಿಸುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ಯಾವ ಸಂಕಲ್ಪ ಕಾಯಿಲೆ ಬಿದ್ದಿದೆಯೋ ಅದರ ಹೆಗಲಿಗೇ ಪೂರ್ತಿ ಭಾರ ಹೊರಿಸಿಬಿಡುತ್ತಾರೆ.

ಹಾಗಾದರೆ ಭಕ್ತಿಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ವರ್ಷವಿಡೀ ಕುಡಿಯುವ ಎಷ್ಟೋ ಗಂಡಸರು ಅಯ್ಯಪ್ಪನ ಮಾಲೆ ಹಾಕಿದ 41 ದಿನ ಹೆಂಡದ ಅಂಗಡಿಯತ್ತ ತಿರುಗಿಯೂ ನೋಡುವುದಿಲ್ಲ. ಇದನ್ನು ಹರಕೆಯ ಮಹಿಮೆ ಎಂದು ಸುಮ್ಮನಾಗುವ ಮೊದಲು ಆ ದಿನಗಳು ಹೇಗಿರುತ್ತವೆ ನೋಡಬೇಕು. ಮೈಮೇಲೆ ಕಪ್ಪು ಬಟ್ಟೆ, ದಾರಿ ತೋರುವ ಗುರುಸ್ವಾಮಿ, ಬೆಳಗು ಸಂಜೆ ಜೊತೆಗೂಡಿ ಪೂಜೆ, ಸಾಹುಕಾರನನ್ನೂ ಹಮಾಲಿಯನ್ನೂ ಒಂದೇ ಸಮ ‘ಸ್ವಾಮಿ’ ಎಂದು ಕರೆಯುವ ಬಳಗ. ಮಾಲೆ ತೆಗೆದ ಮೇಲೂ ದೇವರು ಇದ್ದಲ್ಲೇ ಇರುತ್ತಾನೆ, ಬಳಗ ಮಾತ್ರ ಚದುರುತ್ತದೆ. ಅನೇಕರ ಕುಡಿತ ಮರಳುವುದು ಆಗಲೇ. ಈ ನಲವತ್ತೊಂದು ದಿನ ಅವರನ್ನು ಕಾದದ್ದರಲ್ಲಿ ನಂಬಿಕೆಯ ಪಾಲಿನಷ್ಟೇ ಸಂಗದ ಪಾಲೂ ಇತ್ತು ಎಂದು ನಾನು ತಿಳಿಯುತ್ತೇನೆ.

ಕುಡಿತ ಬಿಡಬಯಸುವವರ ಸಂಘವಾದ ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹುಟ್ಟಿನಲ್ಲೂ ಇದೇ ಕಾಣುತ್ತದೆ. ಅದರ ಸ್ಥಾಪಕರಲ್ಲೊಬ್ಬನಾದ ಬಿಲ್ ವಿಲ್ಸನ್‌ಗೆ 1934ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ, ಬೆಳಕು ಕಂಡಂತಹ ಒಂದು ಅನುಭವವಾಯಿತು, ಕುಡಿತ ನಿಂತಿತು. ಆದರೆ 1935ರ ಮೇ ತಿಂಗಳಲ್ಲಿ ಒಹಾಯೊದ ಆಕ್ರನ್ ಊರಿನಲ್ಲಿ, ವ್ಯವಹಾರ ಕೈಕೊಟ್ಟು ಹೋಟೆಲಿನಲ್ಲಿ ಒಂಟಿಯಾಗಿ ನಿಂತಿದ್ದಾಗ, ಪಕ್ಕದ ಬಾರ್ ಅವನನ್ನು ಸೆಳೆಯಿತು. ಆಗ ಅವನು ಹುಡುಕಿದ್ದು ಮತ್ತೊಂದು ದರ್ಶನವನ್ನಲ್ಲ, ಮತ್ತೊಬ್ಬ ಕುಡುಕನನ್ನು. ಚರ್ಚಿನವರಿಗೆ ಫೋನ್ ಮಾಡುತ್ತ ಹೋಗಿ, ಕೊನೆಗೆ ಬಾಬ್ ಸ್ಮಿತ್ ಎಂಬ ಸರ್ಜನ್ ಎದುರು ಕೂತ. ಬಾಬ್ ಕೂಡ ಧಾರ್ಮಿಕ ಗುಂಪೊಂದಕ್ಕೆ ಹೋಗುತ್ತಿದ್ದವನೇ, ಕುಡಿತ ಬಿಟ್ಟಿರಲಿಲ್ಲ. ನಡುವೆ ಒಮ್ಮೆ ಜಾರಿ, ಜೂನ್ 10ರಂದು ಕೊನೆಯ ಗುಟುಕು ಕುಡಿದ. ಆ ದಿನವನ್ನೇ ಸಂಘದ ಹುಟ್ಟುದಿನವೆಂದು ಎಣಿಸುತ್ತಾರೆ.

ಈ ಸಂಘದ ಮೊದಲ ಮೆಟ್ಟಿಲು ‘ಮದ್ಯದ ಮುಂದೆ ನಾನು ಸೋತೆ’ ಎಂದು ಒಪ್ಪುವುದು. ಹೊಣೆಯಿಂದ ಜಾರಿಕೊಳ್ಳಲು ಇದಕ್ಕಿಂತ ಸುಲಭದ ನೆಪ ಬೇಕೇ ಎಂದು ಕೇಳುವವರಿದ್ದಾರೆ. ಹೊಡೆತ ತಿಂದ ಹೆಂಡತಿ ಕೇಳಿದರೆ ಆ ಪ್ರಶ್ನೆಗೆ ತೂಕವಿದೆ. ಆದರೆ ಹನ್ನೆರಡು ಮೆಟ್ಟಿಲುಗಳಲ್ಲಿ ಎಂಟನೆಯದು ತಾನು ನೋಯಿಸಿದವರ ಪಟ್ಟಿ ಬರೆಯುವುದು. ಒಂಬತ್ತನೆಯದು, ಅವರಿಗೆ ಮತ್ತೆ ಕೇಡಾಗದಂತೆ, ಆದಷ್ಟು ಸರಿಪಡಿಸುವುದು. ಸೋಲೊಪ್ಪಿದವನಿಗೆ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ‘ಬೇಕೆಂದರೆ ನಾಳೆಯೇ ಬಿಡಬಲ್ಲೆ’ ಎನ್ನುವವನ ಕೈಯಲ್ಲೇ ನೆಪ ಭದ್ರವಾಗಿರುವುದು.

ಇನ್ನು ದೇವರ ಮಾತು. ಮೆಟ್ಟಿಲುಗಳಲ್ಲಿ ದೇವರಿದ್ದಾನೆ, ‘ನಾವು ತಿಳಿದಂತೆ’ ಎಂಬ ಮಾತು ಸೇರಿಸಿದರೂ ಅದರ ಕ್ರೈಸ್ತ ದನಿ ಅಡಗುವುದಿಲ್ಲ. ಕೈದಿಗಳನ್ನು ಇಂಥ ಸಭೆಗಳಿಗೆ ಬಲವಂತವಾಗಿ ಕಳಿಸುವುದು ಧರ್ಮವನ್ನು ಹೇರಿದಂತೆ ಎಂದು ಅಮೆರಿಕದ ನ್ಯಾಯಾಲಯಗಳು 1996ರಲ್ಲಿ ಹೇಳಿದ್ದು ಸರಿಯೇ. ನಮ್ಮಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಭಜನೆಯಿದೆ. ಅದು ಒಬ್ಬನಿಗೆ ಆಸರೆ, ಇನ್ನೊಬ್ಬನಿಗೆ ಇರಿಸುಮುರಿಸು. ಆದರೆ ಅಲ್ಲಿ ನನಗೆ ಮುಖ್ಯವಾಗಿ ಕಾಣುವುದು ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರಿಗಾಗಿ ಊರಿನಲ್ಲೇ ಕಟ್ಟುವ ನವಜೀವನ ಸಮಿತಿ. ಸಂಗದ ಈ ಪಾಲಿಗೆ ಪುರಾವೆಯೂ ಇದೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು ತೂಗಿ ನೋಡಿತು. ಜನರನ್ನು ಎಎ ಸಭೆಗಳಿಗೆ ಕ್ರಮವಾಗಿ ಜೋಡಿಸುವ ಕಾರ್ಯಕ್ರಮಗಳು, ಪೂರ್ತಿ ಕುಡಿಯದೆ ಉಳಿಯುವುದರಲ್ಲಿ, ಇತರ ಮನೋಚಿಕಿತ್ಸೆಗಳಿಗಿಂತ ಮುಂದಿದ್ದವು. ಇದು ಹೇಗಾಗುತ್ತದೆ ಎಂದು ಬಿಡಿಸಿ ನೋಡಿದ ಸಂಶೋಧಕ ಜಾನ್ ಕೆಲ್ಲಿಗೆ ಕಂಡ ದೊಡ್ಡ ಕಾರಣಗಳಲ್ಲಿ ಒಂದು, ಒಡನಾಟದ ಬದಲಾವಣೆ. ಅಧ್ಯಾತ್ಮವೂ ಕೆಲಸ ಮಾಡಿತ್ತು, ಮುಖ್ಯವಾಗಿ ಚಟ ತೀರಾ ಬಲಿತವರಲ್ಲಿ. ಹಾಗೆಂದು ನಾಸ್ತಿಕನು ಬಾಗಿಲಲ್ಲೇ ನಿಲ್ಲಬೇಕಿಲ್ಲ: ಕುಡಿತ ಬಿಡುವ ಆಸೆಯೊಂದೇ ಸದಸ್ಯತ್ವಕ್ಕೆ ಬೇಕಾದದ್ದು.

ಆದರೂ ಬಾಗಿಲು ದಾಟುವುದು ಕಷ್ಟವೇ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ಹಾಗಾಗಿ ಮೊದಲು ವೈದ್ಯರು, ಜೊತೆಗೇ ಸಂಗ. ಹತ್ತಿರದ ಸಭೆ ಎಲ್ಲಿದೆಯೆಂದು ನಿಮ್ಹಾನ್ಸ್‌ನಂಥ ಕಡೆ, ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿ ವಿಚಾರಿಸಬಹುದು. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ಮುಖ ಗೊತ್ತು, ಅಲ್ಲಿ ಅನಾಮಧೇಯತೆ ಎಲ್ಲಿಂದ ಬರಬೇಕು ಎಂಬ ಅಳುಕು ನಿಜವಾದದ್ದು. ಆದರೆ ಅವನ ಕುಡಿತ ಊರಿಗೆ ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ಅವನು ಬಿಡಲು ಹೊರಟಿರುವುದು. ಹೆಸರಿನ ಹಿಂದಿನ ಮನೆತನ, ಮುಂದಿನ ಜಾತಿ ಎರಡನ್ನೂ ಹೊರಗೆ ಬಿಟ್ಟು ಬರಿಯ ಹೆಸರಿನಿಂದ ಕೂರುವ ಕೋಣೆ ನಮ್ಮ ಸಮಾಜದಲ್ಲಿ ಅಪರೂಪ. ಹೆಣ್ಣಿಗೆ ಮಾತ್ರ ಆ ಕೋಣೆ ಇನ್ನೂ ದೂರವೇ. ಕುಡಿಯುವ ಗಂಡಸನ್ನು ಊರು ಬೈದು ಸುಮ್ಮನಾಗುತ್ತದೆ, ಕುಡಿಯುವ ಹೆಂಗಸನ್ನು ಬದುಕಲು ಬಿಡುವುದಿಲ್ಲ. ಅವಳಿಗಾಗಿ ಹೆಂಗಸರದೇ ಸಭೆ ಬೇಕು, ಅವಳು ಮನೆಯಲ್ಲಿ ನೆಪ ಹೇಳದೆ ಹೋಗಿಬರಬಹುದಾದ ಹೊತ್ತಿನಲ್ಲಿ ಬೇಕು. ಅದನ್ನು ಶುರುಮಾಡಲು ಕುಡಿತ ಬಿಡಬೇಕೆನ್ನುವ ಇಬ್ಬರು ಹೆಂಗಸರು ಸಾಕು. ಆಕ್ರನ್ನಿನಲ್ಲಿ ಇದ್ದವರೂ ಇಬ್ಬರೇ.