ಹುಚ್ಚು ಅರಬನ ಹೆಸರು

ಅಬ್ದುಲ್ ಅಲ್‌ಹಜ್ರೆಡ್. ಈ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ನಾಲ್ಕು ದಿನ ಅರಬಿ ಕಲಿತ ಹುಡುಗನಿಗೂ ನಗು ಬರುತ್ತದೆ. ‘ಅಬ್ದ್’ ಎಂದರೆ ದಾಸ. ‘ಅಬ್ದುಲ್’ ಎನ್ನುವಾಗಲೇ ಅದರ ಬಾಲಕ್ಕೆ ‘ಅಲ್’ ಸೇರಿಕೊಂಡಿರುತ್ತದೆ. ಅದರ ಹಿಂದೆಯೇ ಇನ್ನೊಂದು ‘ಅಲ್’ ಯಾಕೆ? ಇಂಥ ಹೆಸರಿನವನು ಯಾವ ಅರಬ್ ಊರಿನಲ್ಲೂ ಹುಟ್ಟಲಾರ. ಅವನು ಹುಟ್ಟಿದ್ದು ಅಮೆರಿಕದ ಪ್ರಾವಿಡೆನ್ಸ್ ಎಂಬ ಊರಿನ ಒಬ್ಬ ಬಾಲಕನ ತಲೆಯಲ್ಲಿ. ಸಾವಿರದೊಂದು ರಾತ್ರಿಗಳ ಕತೆ ಓದಿ ಮರುಳಾಗಿ, ಐದರ ಪ್ರಾಯದಲ್ಲಿ ಅವನು ಆಟಕ್ಕೆಂದು ತಾನೇ ತೊಟ್ಟುಕೊಂಡ ಹೆಸರದು.

ಆ ಬಾಲಕನೇ ಎಚ್.ಪಿ. ಲವ್‌ಕ್ರಾಫ್ಟ್ (1890-1937). ದೊಡ್ಡವನಾಗಿ ಭಯಾನಕ, ವಿಲಕ್ಷಣ ಕತೆಗಳನ್ನು ಬರೆದ. ಬಾಲ್ಯದ ಆಟದ ಹೆಸರನ್ನು ಒಬ್ಬ ‘ಹುಚ್ಚು ಅರಬ’ನಿಗೆ ಕೊಟ್ಟುಬಿಟ್ಟ. ಈ ಅರಬ ‘ನೆಕ್ರೊನಾಮಿಕಾನ್’ ಎಂಬ ಘೋರ ಗ್ರಂಥ ಬರೆದನಂತೆ, ಕೊನೆಗೆ ಹಾಡಹಗಲೇ ಕಣ್ಣಿಗೆ ಕಾಣದ ಪ್ರಾಣಿಯೊಂದು ಅವನನ್ನು ತಿಂದುಹಾಕಿತಂತೆ. ಈ ಸುದ್ದಿಯನ್ನು ಲವ್‌ಕ್ರಾಫ್ಟ್ ನಿಜವಾಗಿಯೂ ಬಾಳಿದ್ದ ಚರಿತ್ರಕಾರ ಇಬ್ನ್ ಖಲ್ಲಿಕಾನರ ಬಾಯಲ್ಲಿ ಹೇಳಿಸುತ್ತಾನೆ. ಆ ಮಹನೀಯರು 13ನೆಯ ಶತಮಾನದವರು. ಅವರನ್ನು 12ಕ್ಕೆ ತಳ್ಳುತ್ತಾನೆ. ಇರಲಿ, ಕತೆಗಾರನಿಗೆ ಇಷ್ಟು ರಿಯಾಯಿತಿ ಉಂಟು. ಆ ಗ್ರಂಥದ ಮೂಲ ಹೆಸರು ‘ಅಲ್ ಅಝೀಫ್’ ಎನ್ನುತ್ತಾನೆ. ಅಝೀಫ್ ಎಂದರೆ ಮರುಭೂಮಿಯ ರಾತ್ರಿಯಲ್ಲಿ ಕೇಳುವ ಜಿನ್ನ್‌ಗಳ ಸದ್ದು. ಅದು ಅಪ್ಪಟ ಅರಬಿ ಮಾತು. ಇನ್ನೊಂದು ಇಂಗ್ಲಿಷ್ ಕಾದಂಬರಿಯ ಟಿಪ್ಪಣಿಯಿಂದ ಅದನ್ನು ಎತ್ತಿಕೊಂಡ. ಕುರ್‌ಆನಿನ ಅಲ್‌ಫಜ್ರ್ ಅಧ್ಯಾಯದಲ್ಲಿ ಬರುವ ಕಂಬಗಳ ಇರಮ್ ಕೂಡ ಅವನ ಕತೆಗಳಲ್ಲಿ ಬರುತ್ತದೆ. ಅಜ್ಜಿಯ ಬಾಯಲ್ಲಿ ಇರಮಿನ ಕತೆ ಕೇಳಿ ಬೆಳೆದ ನನ್ನಂಥವನಿಗೆ ಅಲ್ಲಿ ಆಗುವ ಅನುಭವ ವಿಚಿತ್ರ. ನಮ್ಮ ಮನೆಯ ಪಾತ್ರೆಯನ್ನು ಪರರ ಮನೆಯ ಕಪಾಟಿನಲ್ಲಿ ಕಂಡ ಹಾಗೆ.

ಲವ್‌ಕ್ರಾಫ್ಟನ ಕತೆಗಳು ಅಚ್ಚಾಗುತ್ತಿದ್ದದ್ದು ‘ವಿಯರ್ಡ್ ಟೇಲ್ಸ್’ನಂಥ ಅಗ್ಗದ ಪತ್ರಿಕೆಗಳಲ್ಲಿ. ಬಡತನದಲ್ಲೇ ತೀರಿಕೊಂಡ. ಯಾವ ದೊಡ್ಡ ಪ್ರಕಾಶಕನೂ ಮುಂದೆ ಬರದಿದ್ದಾಗ ಇಬ್ಬರು ಅಭಿಮಾನಿಗಳು 1939ರಲ್ಲಿ ಆರ್ಕಮ್ ಹೌಸ್ ಎಂಬ ಪ್ರಕಾಶನವನ್ನೇ ಕಟ್ಟಿ, ಅವನ ಕತೆಗಳನ್ನು 1,268 ಪ್ರತಿ ಅಚ್ಚುಹಾಕಿಸಿದರು. ಅದು ಮಾರಾಟವಾಗುವುದಕ್ಕೂ ವರ್ಷಗಳು ಹಿಡಿದವು. 1980ರ ದಶಕದಲ್ಲಿ ಹಸ್ತಪ್ರತಿಗಳನ್ನು ಹುಡುಕಿ, ಪತ್ರಿಕೆಯವರು ಕೆಡಿಸಿದ್ದ ಪಠ್ಯವನ್ನು ಸಾಲು ಸಾಲಾಗಿ ತಿದ್ದಿದವರು ಎಸ್.ಟಿ. ಜೋಶಿ. ಹುಟ್ಟಿದ್ದು ನಮ್ಮ ಪುಣೆಯಲ್ಲಿ! 1999ರಲ್ಲಿ ಪೆಂಗ್ವಿನ್ ಕ್ಲಾಸಿಕ್ಸ್, 2005ರಲ್ಲಿ ಲೈಬ್ರರಿ ಆಫ್ ಅಮೆರಿಕ ಅವನನ್ನು ತಮ್ಮ ಸಾಲಿಗೆ ಸೇರಿಸಿಕೊಂಡವು. ರದ್ದಿಯಿಂದ ರೇಷ್ಮೆ ಬಟ್ಟೆಗೆ ಬಂದಂತಾಯಿತು.

ಇಂಥ ಮರುಹುಟ್ಟುಗಳ ಕಾಲವಿದು. ಲಂಡನ್ನಿನ ಬ್ರಿಟಿಷ್ ಲೈಬ್ರರಿ ತನ್ನ ಕಪಾಟುಗಳಲ್ಲಿ ಧೂಳು ತಿನ್ನುತ್ತಿದ್ದ ಪತ್ತೇದಾರಿ ಕಾದಂಬರಿಗಳನ್ನು ಒಂದೊಂದಾಗಿ ಮರುಮುದ್ರಿಸುತ್ತಿದೆ. ಜೆಫರ್ಸನ್ ಫಾರ್ಜನ್ 1937ರಲ್ಲಿ ಬರೆದ, ಜನ ಮರೆತೇಬಿಟ್ಟಿದ್ದ ‘ಮಿಸ್ಟರಿ ಇನ್ ವೈಟ್’ 2014ರ ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಗಳಲ್ಲಿ ಬಿಸಿ ಬಜ್ಜಿಯಂತೆ ಖರ್ಚಾಯಿತು. ವಿಮರ್ಶಕರು ಕೈಬಿಟ್ಟದ್ದನ್ನು ಓದುಗ ಮತ್ತೆ ಎತ್ತಿಕೊಳ್ಳುವುದು ಸಂತೋಷದ ವಿಷಯವೇ. ಆದರೆ ಹಳೆಯ ಪೆಟ್ಟಿಗೆ ತೆರೆದಾಗ ಜರತಾರಿ ಸೀರೆಯ ಜೊತೆ ಚೇಳೂ ಹೊರಬರಬಹುದು. ಯೆಹೂದಿಯೆಂದರೆ ಜಿಪುಣ, ಚೀನದವನೆಂದರೆ ಕುತಂತ್ರಿ, ಕರಿಯನೆಂದರೆ ಮೃಗ, ಅರಬನೆಂದರೆ ಹುಚ್ಚ. ಆ ಕಾಲದ ಪುಸ್ತಕಗಳಲ್ಲಿ ಇವು ಉಪ್ಪು ಖಾರದಂತೆ ಬೆರೆತಿವೆ. ಮರುಮುದ್ರಿಸುವವನು ಏನು ಮಾಡಬೇಕು? ಚೇಳನ್ನು ಹೊಸಕಿಹಾಕಿ ಸೀರೆಯನ್ನಷ್ಟೇ ಕೊಡಬೇಕೆ, ಅಥವಾ ಇದ್ದದ್ದನ್ನು ಇದ್ದ ಹಾಗೇ ಕೊಡಬೇಕೆ? 2023ರಲ್ಲಿ ರೋಲ್ಡ್ ಡಾಲ್ ಹಾಗೂ ಅಗಾಥಾ ಕ್ರಿಸ್ಟಿಯವರ ಪುಸ್ತಕಗಳ ಮಾತುಗಳನ್ನು ಪ್ರಕಾಶಕರು ತಿದ್ದಿದ್ದು ಬಯಲಾದಾಗ ದೊಡ್ಡ ಗದ್ದಲವೇ ಆಯಿತು.

ಉರ್ದು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಇಬ್ನೆ ಸಫಿಯವರ ‘ಜಾಸೂಸಿ ದುನಿಯಾ’ ಅಲಹಾಬಾದಿನಿಂದ ಹೊರಡತೊಡಗಿದ್ದು 1952ರಲ್ಲಿ. ಅದೇ ವರ್ಷ ಅವರು ಕರಾಚಿಗೆ ಹೋದರು. ಪುಸ್ತಕಗಳು ಮಾತ್ರ ಗಡಿಯ ಎರಡೂ ಕಡೆ ಬಂದವು. ನಮ್ಮ ಊರಿನ ಬಾಡಿಗೆ ಪುಸ್ತಕದಂಗಡಿಯಲ್ಲಿ ರಾತ್ರಿಗೆ ಎಂಟಾಣೆ ಕೊಟ್ಟು ತಂದು, ಪಠ್ಯಪುಸ್ತಕದೊಳಗೆ ಇಟ್ಟು ಓದಿದ ಪೀಳಿಗೆ ನಮ್ಮದು. ಅದೇ ಕಾದಂಬರಿಗಳು ಹಿಂದಿಗೆ ಹೋದಾಗ ಕರ್ನಲ್ ಫರೀದಿ ವಿನೋದ್ ಆದ, ಇಮ್ರಾನ್ ರಾಜೇಶ್ ಆದ. ಸಹಾಯಕ ಹಮೀದ್ ಮಾತ್ರ ಹಮೀದನಾಗಿಯೇ ಉಳಿದ. ಸಾಹೇಬ ವಿನೋದ್, ಕೈಕೆಳಗಿನವ ಹಮೀದ್! ಇದರಲ್ಲಿ ಯಾರ ದುರುದ್ದೇಶವೂ ಇರಲಿಕ್ಕಿಲ್ಲ. ಹೊಸ ಓದುಗನಿಗೆ ಹತ್ತಿರವಾಗಲೆಂಬ ವ್ಯಾಪಾರದ ಲೆಕ್ಕಾಚಾರವಿದ್ದೀತು. ಆದರೂ ಆ ಒಂದು ಬದಲಾವಣೆ ಆ ಕಾಲದ ಬಗ್ಗೆ ಹೇಳುವಷ್ಟನ್ನು ಹತ್ತು ಸಂಶೋಧನಾ ಪ್ರಬಂಧಗಳು ಹೇಳಲಾರವು.

ಹಾಗೆಂದು ಇಬ್ನೆ ಸಫಿಯವರೇನು ಹೆಸರು ಬದಲಾಯಿಸದವರಲ್ಲ. ಮೊದಲ ಕಾದಂಬರಿ ‘ದಿಲೇರ್ ಮುಜ್ರಿಮ್’ನ ಎಳೆಯನ್ನು ವಿಕ್ಟರ್ ಗನ್ ಎಂಬ ಇಂಗ್ಲಿಷ್ ಲೇಖಕನಿಂದ ತೆಗೆದುಕೊಂಡರು. ಲಂಡನ್ನಿನ ಪತ್ತೇದಾರನ ಜಾಗದಲ್ಲಿ ಫರೀದಿಯನ್ನು ನಿಲ್ಲಿಸಿದರು. ಅದನ್ನು ಅವರು ಮುಚ್ಚಿಡಲಿಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಇರುವುದು ಇಲ್ಲಿಯೇ. ಒಂದು ಕತೆಯನ್ನು ಎತ್ತಿಕೊಂಡು, ಇದು ನನ್ನ ರೂಪಾಂತರ ಎಂದು ಹೇಳಿ ಏನು ಬೇಕಾದರೂ ಮಾಡಿ, ಅದು ಕತೆಗಾರನ ಹಕ್ಕು. ಆದರೆ ಮುಖಪುಟದಲ್ಲಿ ಸತ್ತವನ ಹೆಸರು ಹಾಕಿ, ಒಳಗೆ ಅವನು ಬರೆಯದ ಮಾತು ಸೇರಿಸಿ, ಓದುಗನಿಗೆ ತಿಳಿಸದೆ ಮಾರುವುದು ಸುಳ್ಳು ಸಾಕ್ಷಿ. ತಿದ್ದಿದ್ದು ಒಳ್ಳೆಯದಕ್ಕೇ ಆಗಿದ್ದರೂ ಸಾಕ್ಷಿ ಸುಳ್ಳೇ. 2011ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ಇಬ್ನೆ ಸಫಿಯವರ ನಾಲ್ಕು ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ತಂದಾಗ ಅನುವಾದಿಸಿದವರು ಸ್ವತಃ ಶಂಸುರ್ರಹಮಾನ್ ಫಾರೂಕಿ. ಮೀರ್ ತಖೀ ಮೀರನ ಮೇಲೆ ನಾಲ್ಕು ಸಂಪುಟ ಬರೆದ ಘನ ವಿದ್ವಾಂಸರು ಬಾಡಿಗೆ ಪುಸ್ತಕಕ್ಕೆ ಲೇಖನಿ ಹಿಡಿದರು. ಅಲ್ಲಿ ಫರೀದಿ ಫರೀದಿಯಾಗಿಯೇ ಇದ್ದಾನೆ.

ನನಗೆ ಇಲ್ಲಿ ಇಬ್ನುಲ್ ಜೌಝಿ ನೆನಪಾಗುತ್ತಾರೆ. 12ನೆಯ ಶತಮಾನದ ಈ ಬಗ್ದಾದಿನ ವಿದ್ವಾಂಸರು ಪ್ರವಾದಿಯವರ ಹೆಸರಿನಲ್ಲಿ ಯಾರ್ಯಾರೋ ಕಟ್ಟಿಬಿಟ್ಟ ಸುಳ್ಳು ಹದೀಸ್‌ಗಳನ್ನೆಲ್ಲ ಗುಡ್ಡೆ ಹಾಕಿದರು. ಗುಡ್ಡೆಗೆ ಬೆಂಕಿ ಇಡಲಿಲ್ಲ. ಸುಳ್ಳುಗಳದೇ ಒಂದು ಗ್ರಂಥ ಮಾಡಿ, ಇದು ಯಾಕೆ ಸುಳ್ಳು, ಹೇಳಿದವನು ಯಾರು ಎಂದು ಬರೆದಿಟ್ಟರು. ಸುಟ್ಟ ಸುಳ್ಳು ಬೇರೆ ಬಾಯಿಂದ ಮತ್ತೆ ಹುಟ್ಟುತ್ತದೆ. ಚೀಟಿ ಅಂಟಿಸಿದ ಸುಳ್ಳನ್ನು ಗುರುತು ಹಿಡಿಯುವುದು ಸುಲಭ. ಬ್ರಿಟಿಷ್ ಲೈಬ್ರರಿಯವರು ಪುಸ್ತಕದ ಮೊದಲಿಗೇ ಒಂದು ಎಚ್ಚರಿಕೆಯ ಟಿಪ್ಪಣಿ ಹಾಕುವುದು ನನಗೆ ಒಪ್ಪಿಗೆ. ಎಳೆಯ ಮಕ್ಕಳ ಪುಸ್ತಕದ ಮಾತು ಬೇರೆ. ಅಲ್ಲಿ ಟಿಪ್ಪಣಿಯನ್ನು ಯಾರು ಓದುತ್ತಾರೆ?

ಚೀಟಿ ಅಂಟಿಸುವುದೂ ಅಷ್ಟು ಸುಲಭವಲ್ಲವೆಂದು ನನಗೆ ತೋರಿಸಿದ್ದು ಲವ್‌ಕ್ರಾಫ್ಟನ ‘ದ ಹಾರರ್ ಅಟ್ ರೆಡ್ ಹುಕ್’. 1925ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಬರೆದದ್ದು. ಬ್ರೂಕ್ಲಿನ್ನಿನ ರೆಡ್ ಹುಕ್ ಎಂಬ ಬಂದರು ಕೇರಿಗೆ ವಲಸೆ ಬಂದ ಬಡ ಜನರ ಮೇಲಿನ ಅಸಹ್ಯವೇ ಆ ಕತೆಯ ಪ್ರಾಣ. ಅಲ್ಲಿನ ಖಳರಲ್ಲಿ ಕುರ್ದಿಸ್ತಾನದಿಂದ ಬಂದ ಯಜೀದಿಗಳಿದ್ದಾರೆ. ಅವರು ಸೈತಾನನ ಆರಾಧಕರು ಎನ್ನುತ್ತದೆ ಕತೆ. ಇಲ್ಲಿಗೆ ಬಂದಾಗ ‘ನೋಡಿ, ಬಿಳಿಯನ ಜನಾಂಗದ್ವೇಷ’ ಎಂದು ಬೆರಳು ತೋರಿಸಿ ಎದ್ದುಬಿಡುವುದು ಸುಲಭ. ಆದರೆ ಆ ಅಪವಾದವನ್ನು ಲವ್‌ಕ್ರಾಫ್ಟ್ ಕಂಡುಹಿಡಿಯಲಿಲ್ಲ. ಯಜೀದಿಗಳ ನೆರೆಹೊರೆಯಲ್ಲಿ, ಮುಸ್ಲಿಮರ ಬಾಯಲ್ಲೇ ಅದು ಶತಮಾನಗಳಿಂದ ಓಡಾಡುತ್ತಿತ್ತು. 2014ರ ಆಗಸ್ಟಿನಲ್ಲಿ ಐಸಿಸ್ ಬಂದೂಕುಧಾರಿಗಳು ಇರಾಕಿನ ಸಿಂಜಾರಿಗೆ ನುಗ್ಗಿದಾಗ ಅವರ ನಾಲಗೆಯ ಮೇಲೆ ಇದ್ದದ್ದೂ ಇದೇ ಮಾತು. ಗಂಡಸರನ್ನು ಕೊಂದರು, ಹೆಂಗಸರನ್ನು ಮಾರಿದರು. ವಿಶ್ವಸಂಸ್ಥೆಯ ತನಿಖಾ ಆಯೋಗ 2016ರಲ್ಲಿ ಅದನ್ನು ಜನಾಂಗ ಹತ್ಯೆ ಎಂದು ಕರೆಯಿತು.

ಈಗ ಹೇಳಿ, ಆ ಸಾಲನ್ನು ಮರುಮುದ್ರಣದಲ್ಲಿ ಅಳಿಸಿದರೆ ಯಾರಿಗೆ ಉಪಕಾರ? ಲವ್‌ಕ್ರಾಫ್ಟನ ಮರ್ಯಾದೆಗೆ ಒಂದಿಷ್ಟು. ಅದಕ್ಕಿಂತ ಹೆಚ್ಚಾಗಿ ನಮ್ಮ ನೆಮ್ಮದಿಗೆ. ನಮ್ಮನ್ನು ಹುಚ್ಚನೆಂದವನ ಪುಸ್ತಕದಲ್ಲೇ, ನಾವು ಇನ್ನೊಬ್ಬರಿಗೆ ಹಚ್ಚಿದ ಮಸಿಯೂ ಇದೆ. ಎರಡನ್ನೂ ಒಂದೇ ಸಂಪುಟದಲ್ಲಿ ಓದಬೇಕಾಗಿ ಬಂದಾಗ, ಮೊದಲನೆಯದಕ್ಕೆ ಸಿಟ್ಟಾಗಿ ಎರಡನೆಯದನ್ನು ಹಾರಿಸಿ ಹೋಗಲು ನನಗಂತೂ ಸಾಧ್ಯವಾಗಲಿಲ್ಲ.

ಓದುವುದು ಬೇರೆ, ಪೂಜಿಸುವುದು ಬೇರೆ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯೆಂದು ಕೊಡುತ್ತಿದ್ದದ್ದು ಲವ್‌ಕ್ರಾಫ್ಟನ ತಲೆಯ ಪ್ರತಿಮೆ. 2011ರಲ್ಲಿ ಅದನ್ನು ಪಡೆದ ನೈಜೀರಿಯ ಮೂಲದ ಲೇಖಕಿ ನೆಡಿ ಒಕೊರಾಫೋರ್, ಕಪ್ಪು ಜನರನ್ನು ಹೀನಾಯವಾಗಿ ಕಂಡವನ ಮುಖವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಸಂಕಟದ ಬಗ್ಗೆ ಬರೆದರು. 2015ರಲ್ಲಿ ಪ್ರತಿಮೆಯನ್ನು ಕೈಬಿಡಲಾಯಿತು. ಎಸ್.ಟಿ. ಜೋಶಿ ಸಿಟ್ಟಾಗಿ ತಮಗೆ ಬಂದಿದ್ದ ಎರಡು ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಜೋಶಿಯವರ ದುಡಿಮೆಗೆ ನಾನು ಋಣಿ, ಆದರೆ ಈ ವಿಷಯದಲ್ಲಿ ನಾನು ಒಕೊರಾಫೋರ್ ಕಡೆ. ಪುಸ್ತಕಕ್ಕೆ ಕಪಾಟಿನಲ್ಲಿ ಜಾಗ ಕೊಡುವುದು ನ್ಯಾಯ. ಅವಮಾನಿತಳ ಕೈಗೇ ಅವಮಾನಿಸಿದವನ ವಿಗ್ರಹ ಕೊಟ್ಟು ಸನ್ಮಾನ ಎನ್ನುವುದು ಯಾವ ನ್ಯಾಯ?

ನಮ್ಮಲ್ಲೂ ಇಂಥ ಪೆಟ್ಟಿಗೆಗಳಿವೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಯೇ ಕನ್ನಡ ಓದಲು ಕಲಿತವರು ಎಷ್ಟೋ ಮಂದಿ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಇವರನ್ನೆಲ್ಲ ಒಟ್ಟಾಗಿ ಮತ್ತೆ ಅಚ್ಚಿಗೆ ತರುವವರಿಗೆ ನನ್ನದೊಂದೇ ಕೋರಿಕೆ: ಕಳ್ಳಸಾಗಣೆದಾರನಿಗೆ ಯಾವ ಹೆಸರು, ಗಡ್ಡ, ಟೋಪಿ ಇದೆಯೋ ಹಾಗೆಯೇ ಬಿಡಿ. ಮುನ್ನುಡಿಯನ್ನು ಮಾತ್ರ ಅಭಿಮಾನಿಯೊಬ್ಬರಿಂದಲೇ ಬರೆಸಬೇಡಿ.

‘ರೆಡ್ ಹುಕ್’ ಕತೆಗೆ ಉತ್ತರ ಬಂದದ್ದು 2016ರಲ್ಲಿ. ಕಪ್ಪು ಅಮೆರಿಕನ್ ಲೇಖಕ ವಿಕ್ಟರ್ ಲವಾಲ್ ಅದೇ ಕೇರಿ, ಅದೇ ಮಂತ್ರವಾದಿ, ಅದೇ ಪೊಲೀಸನನ್ನು ಇಟ್ಟುಕೊಂಡು, ಹಾರ್ಲೆಮ್ಮಿನ ಒಬ್ಬ ಕಪ್ಪು ಯುವಕನ ಕಣ್ಣಿನಿಂದ ‘ದ ಬ್ಯಾಲಡ್ ಆಫ್ ಬ್ಲಾಕ್ ಟಾಮ್’ ಬರೆದ. ಬಾಲ್ಯದಿಂದ ಲವ್‌ಕ್ರಾಫ್ಟನನ್ನು ಓದಿ ಬೆಳೆದವನು ಅವನು. ಪುಸ್ತಕವನ್ನು ಅವನಿಗೇ ಅರ್ಪಿಸಿದ್ದಾನೆ, ತನ್ನೊಳಗಿನ ತಿಕ್ಕಾಟವನ್ನೂ ಅರ್ಪಣೆಯಲ್ಲೇ ಸೇರಿಸಿ. ಎರಡೂ ಪುಸ್ತಕಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ನಾನು ಹಳೆಯದನ್ನು ಮೊದಲು ಓದಿದೆ.