ಗುರುತಿಸುವವರಿಲ್ಲದ ನಾಡಿನಲ್ಲಿ



ಒಬ್ಬನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನೆಂಬ ಸುದ್ದಿ ಬಂದೊಡನೆ ‘ಮನಸ್ಸು ದುರ್ಬಲವಾಗಿದ್ದಿತು, ಭಕ್ತಿ ಸಾಲದಾಯಿತು’ ಎಂದು ತೀರ್ಪಿತ್ತು ನಾವು ಸುಮ್ಮನಾಗುವೆವು. ಈ ತೀರ್ಪು ಎಷ್ಟು ಅವಸರದ್ದೆಂಬುದು ಫಿಜಿ ದ್ವೀಪಗಳ ವೃತ್ತಾಂತದಿಂದ ತಿಳಿದುಬರುತ್ತದೆ.

1879ರಿಂದ 1916ರವರೆಗೆ ನಮ್ಮ ದೇಶದ ಸುಮಾರು 60,000 ಮಂದಿ ಕಬ್ಬಿನ ತೋಟಗಳ ಕೂಲಿಗಾಗಿ ಅಲ್ಲಿಗೆ ಹಡಗೇರಿ ಹೋದರು. ಮೊದಲು ಕಲಕತ್ತೆಯಿಂದ, 1903ರಿಂದ ಮದರಾಸಿನಿಂದಲೂ. ಐದು ವರ್ಷಗಳ ಕರಾರು. ‘ಅಗ್ರಿಮೆಂಟ್’ ಎಂಬ ಮಾತು ಅವರ ನಾಲಗೆಯಲ್ಲಿ ‘ಗಿರ್ಮಿಟ್’ ಆಯಿತು. 10 ಅಡಿ ಉದ್ದ, 7 ಅಡಿ ಅಗಲದ ಕೋಣೆಯೊಂದರಲ್ಲಿ ಮೂವರು ಒಂಟಿ ಗಂಡಸರ ವಾಸ. 100 ಗಂಡಸರಿಗೆ 40 ಹೆಂಗಸರು. ಅಣ್ಣತಮ್ಮಂದಿರಿಲ್ಲ, ಊರ ಹಿರಿಯರಿಲ್ಲ, ಜಾತ್ರೆಯಿಲ್ಲ; ದಕ್ಷಿಣದಿಂದ ಹೋದವನಿಗೆ ಪಕ್ಕದ ಕೋಣೆಯವನ ಹಿಂದುಸ್ತಾನಿಯೂ ತಿಳಿಯದು.

1915ರಲ್ಲಿ ಸಿ. ಎಫ್. ಆಂಡ್ರೂಸ್ ಮತ್ತು ಪಿಯರ್ಸನ್ ಅವರು ಅಲ್ಲಿಗೆ ತೆರಳಿ ವಿಚಾರಣೆ ನಡೆಸಿದರು. ಕರಾರಿನ ಕೂಲಿಗಳಲ್ಲಿ ಆತ್ಮಹತ್ಯೆಯ ಪ್ರಮಾಣವು ಅವರ ತವರು ಪ್ರಾಂತಗಳ ಪ್ರಮಾಣಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾಗಿದ್ದಿತು. ಕರಾರು ಮುಗಿಸಿ ಅದೇ ದ್ವೀಪಗಳಲ್ಲಿ ಸ್ವತಂತ್ರರಾಗಿ ನೆಲೆಸಿದವರಲ್ಲಾದರೋ ಅದು ಬಹಳ ಕಡಮೆ. ಅದೇ ಜನ, ಅದೇ ದೇವರು, ಅದೇ ಮನಸ್ಸು! ದೌರ್ಬಲ್ಯವೇ ಕಾರಣವಾಗಿದ್ದಲ್ಲಿ ಕರಾರಿನ ಕಾಗದ ಹರಿದೊಡನೆ ಅದು ಎಲ್ಲಿಗೆ ಹೋಯಿತು?

ತೋಟದ ಅಧಿಕಾರಿಗಳು ಹೆಂಗಸರ ನಡತೆಯನ್ನೂ ಗಂಡಸರ ಮತ್ಸರವನ್ನೂ ಮುಂದೆಮಾಡಿದರು. ಸತ್ತವರ ಮೇಲೆಯೂ ಬಡ ಹೆಣ್ಣಿನ ಮೇಲೆಯೂ ತಪ್ಪು ಹೊರಿಸುವುದು ಅಧಿಕಾರಕ್ಕೆ ಯಾವಾಗಲೂ ಸುಲಭವೇ ಸರಿ. ಗಿರ್ಮಿಟಿಗರ ವಂಶದಲ್ಲಿಯೇ ಹುಟ್ಟಿದ ಇತಿಹಾಸಕಾರ ಬ್ರಿಜ್ ಲಾಲ್ ಅವರು ಸಾವಿನ ದಾಖಲೆಗಳನ್ನು ಶೋಧಿಸಿ, 1985ರಲ್ಲಿ ಈ ಮಾತನ್ನು ಅಲ್ಲಗಳೆದರು. ಬಂದ ಹೊಸತರಲ್ಲಿಯೇ ಪ್ರಾಣ ತೊರೆದವರು ಅನೇಕರು. ಹಿಡಿದು ನಿಲ್ಲಿಸುವ ಬಂಧುಬಳಗವೇ ಅವರಿಗೆ ಇಲ್ಲವಾಗಿದ್ದಿತು.

ಕಲ್ಯಾಣಕ್ಕೂ ಪರದೇಶಿಗಳು ಬಂದಿದ್ದರು. ಕಾಶ್ಮೀರದಿಂದ ಬಂದ ಮೋಳಿಗೆಯ ಮಾರಯ್ಯನನ್ನು, ಅವನು ಸೌದೆಯ ಹೊರೆ ಮಾರುವವನಾದರೂ, ಶರಣರು ತಮ್ಮವನನ್ನಾಗಿ ಮಾಡಿಕೊಂಡರು. ಆದರೆ ದೂರದ ಅಫಗಾನಿಸ್ತಾನದಿಂದ ಬಂದನೆನ್ನುವ ಮರುಳಶಂಕರದೇವನ ಕಥೆ ಬೇರೆ. ಮಹಾಮನೆಯ ಪ್ರಸಾದಕುಂಡದ ಬಳಿ ಅವನು 12 ವರ್ಷ ಇದ್ದನು. ಯಾರೂ ಅವನನ್ನು ಗುರುತಿಸಲಿಲ್ಲ. ಪ್ರಭುದೇವರು ಬಂದು ತೋರಿಸಿದ ಮೇಲೆ ಬಸವಣ್ಣನವರೇ ಮರುಗಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅವನು ಪ್ರಸಾದದ ಬಲದಿಂದ ಉಳಿದ ಮಹಾತ್ಮನು. ಎಲ್ಲರಿಗೂ ಆ ಬಲವಿರುವುದಿಲ್ಲ. ನಿತ್ಯ ದಾಸೋಹ ನಡೆಯುವ ಮನೆಯಲ್ಲಿಯೂ ಒಬ್ಬನು ಕಾಣದೆ ಉಳಿಯಬಹುದೆಂಬುದೇ ನನ್ನನ್ನು ಕಾಡುವ ಸಂಗತಿ.

ರಾಯಚೂರು, ಯಾದಗಿರಿಗಳಿಂದ ಗುಳೆ ಹೋದ ನಮ್ಮ ಮಕ್ಕಳು ಬೆಂಗಳೂರಿನ ತಗಡಿನ ಗುಡಿಸಲುಗಳಲ್ಲಿರುವರು. ಬಿಹಾರ, ಒಡಿಶಾಗಳ ಮಕ್ಕಳು ನಮ್ಮ ಊರುಗಳಿಗೆ ಬಂದಿರುವರು. ಅವರಲ್ಲೊಬ್ಬನು ಊಟ ಬಿಟ್ಟರೆ, ನಿದ್ರೆಗೆಟ್ಟರೆ, ‘ನಾನಿದ್ದು ಯಾರಿಗೇನು’ ಎಂದರೆ, ಬಳಿ ಕುಳಿತು ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿರಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿರುವರು. ಮನೋವ್ಯಾಧಿಯೂ ವ್ಯಾಧಿಯೇ, ವಿಭೂತಿಯ ಜೊತೆಗೆ ಔಷಧವೂ ಬೇಕು. ಅಂಥವನನ್ನು ಒಬ್ಬನನ್ನೇ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯಲ್ಲಿ, 14416 ಸಂಖ್ಯೆಗೆ ಹಗಲಿರುಳು ಯಾವಾಗ ಕರೆ ಮಾಡಿದರೂ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತನಾಡುವವರಿರುವರು. ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಉಳಿದವನನ್ನು ತೀವ್ರ ಸಂಕಟದಲ್ಲಿದ್ದವನೆಂದೇ ಭಾವಿಸಿ ಆರೈಕೆ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ. ಪೊಲೀಸರಿಗೆ ಅಂಜಿ ಮುಚ್ಚಿಡಬೇಡಿರಿ.

ನಮ್ಮ ದಾಸೋಹದ ಪಂಕ್ತಿಯ ಕೊನೆಯಲ್ಲಿ, ಕಂಬದ ಮರೆಗೆ, ಗಾರೆ ಕಲಸುವ ಒಡಿಶಾದ ಹುಡುಗನೊಬ್ಬನು ದಿನವೂ ತಲೆ ತಗ್ಗಿಸಿ ಉಂಡು ಹೋಗುವನು. ಅವನ ಹೆಸರನ್ನು ನಾನೂ ಇದುವರೆಗೆ ಕೇಳಿರಲಿಲ್ಲ.